ಬಜ್ಪೆಯಿಂದ ದೇವನಹಳ್ಳಿಗೆ 306 ಕಿಲೋಮೀಟರ್, 23 ನಿಮಿಷದಲ್ಲಿ ಯಾಕೆ ತಲುಪಲ್ಲ?

ಪ್ರಶ್ನೆ: ನಮ್ಮದು ಮೂಡಬಿದ್ರೆ. ಅಮ್ಮಂಗೆ 67 ವರ್ಷ, ಮಂಡಿ ನೋವಿದೆ. ಜುಲೈ ಕೊನೇ ವಾರ ಜರ್ಮನಿಲಿರೋ ತಂಗಿ ಮನೆಗೆ ಒಬ್ರೇ ಹೊರಟಿದ್ದಾರೆ, ಬೆಂಗಳೂರಿಂದ ಫ್ರಾಂಕ್‌ಫರ್ಟ್ ಫ್ಲೈಟ್ ಬೆಳಗಿನ ಜಾವ 3 ಗಂಟೆಗೆ, ಅದರ ಟಿಕೆಟ್ ಆಗಿದೆ. ಮಂಗಳೂರಿಂದ ಬೆಂಗಳೂರಿಗೆ ಬೇರೆ ಟಿಕೆಟ್ ಮಾಡ್ಬೇಕು. ಒಂದು ವೆಬ್‌ಸೈಟಲ್ಲಿ ಎರಡು ಏರ್‌ಪೋರ್ಟ್ (ಮಂಗಳೂರಿನ ಬಜ್ಪೆ, ಬೆಂಗಳೂರಿನ ದೇವನಹಳ್ಳಿ) ನಡುವೆ 306 ಕಿ.ಮೀ., 23 ನಿಮಿಷ ಅಂತಿದೆ, ಇನ್ನೊಂದರಲ್ಲಿ 297 ಕಿ.ಮೀ., ಟಿಕೆಟ್ ನೋಡಿದ್ರೆ 1 ಗಂಟೆ 10 ನಿಮಿಷ. ರಾತ್ರಿ 9.20ಕ್ಕೆ ಹೊರಟು 10.30ಕ್ಕೆ ಇಳಿಯೋ ಲಾಸ್ಟ್ ಫ್ಲೈಟ್ ತಗೊಂಡ್ರೆ ನಾಲ್ಕೂವರೆ ಗಂಟೆ ಸಿಗುತ್ತೆ, ಬೇಕಾದಷ್ಟಾಯ್ತು ಅಂತಾರೆ ಚಿಕ್ಕಪ್ಪ. ಟೈಮ್ ಜಾಸ್ತಿ ತೋರ್ಸೋದು ಕಂಪನಿಯವರ ಮೋಸ, ಜೊತೆಗೆ ಭೂಮಿ ಪೂರ್ವಕ್ಕೆ ತಿರುಗೋದ್ರಿಂದ ಬೆಂಗಳೂರಿಗೆ ಹೋಗೋಕೇ ಹೆಚ್ಚು ಹೊತ್ತು ಬೇಕು ಅಂತಾನೂ ಅವರ ಮಾತು. ಅಣ್ಣ ಕಾರಲ್ಲೇ ಬಿಡ್ತೀನಿ ಅಂತಾನೆ. ಅಮ್ಮಂಗೆ ಬಜ್ಪೆ ರನ್‌ವೇ ಅಂದ್ರೆ ಮೊದ್ಲಿಂದ ಭಯ. ಯಾವುದನ್ನ ನಂಬೋದು?

ಉತ್ತರ: ನಿಮ್ಮ ಪ್ರಶ್ನೆ ದೂರದ ಬಗ್ಗೆ ಇದ್ದ ಹಾಗಿದೆ, ಆದ್ರೆ ನಿಜವಾದ ಚಿಂತೆ ಅಮ್ಮ ಆ 3 ಗಂಟೆ ಫ್ಲೈಟ್ ಹತ್ತುತ್ತಾರಾ ಇಲ್ವಾ ಅನ್ನೋದು, ಅಲ್ವಾ? ವರ್ಷಾನುಗಟ್ಟಲೆ ಏರ್‌ಲೈನ್ ಆಪರೇಷನ್ಸಲ್ಲಿ, ವಿಮಾನದ ದಾರಿ, ಇಂಧನ, ಹವಾಮಾನ ನೋಡ್ಕೊಳ್ಳೋ ಡಿಸ್‌ಪ್ಯಾಚ್ ಡೆಸ್ಕಲ್ಲಿ ಕೂತು ಕೆಲಸ ಮಾಡಿದವನು ನಾನು, ಇಂಥ ಸಣ್ಣ ರೂಟುಗಳಲ್ಲಿ ಜನ ಮೋಸ ಹೋಗೋದು ನೂರೈವತ್ತು ಇನ್ನೂರು ಕಿಲೋಮೀಟರ್ ಲೆಕ್ಕ ತಪ್ಪಿ ಅಲ್ಲ, "ಇಷ್ಟು ಹತ್ರ ಇದೆ, ಏನಾಗುತ್ತೆ" ಅನ್ನೋ ಧೈರ್ಯದಿಂದ.

ಮೊದ್ಲು ನಂಬರ್ ಕ್ಲಿಯರ್ ಮಾಡ್ಕೊಳ್ಳೋಣ. ನೀವು ನೋಡಿದ ಎರಡೂ ಸರಿಯೇ. 297 ಅನ್ನೋದು ಮಂಗಳೂರು ಊರಿನ ಮಧ್ಯದಿಂದ ಬೆಂಗಳೂರು ಊರಿನ ಮಧ್ಯಕ್ಕೆ ಗೆರೆ ಎಳೆದು ಅಳೆದದ್ದು. 306 ಅನ್ನೋದು ಬಜ್ಪೆಯಿಂದ ದೇವನಹಳ್ಳಿಗೆ, ಬೆಂಗಳೂರು ಏರ್‌ಪೋರ್ಟ್ ಊರಿಂದ ಈಶಾನ್ಯಕ್ಕೆ ದೂರ ಇರೋದ್ರಿಂದ ಸ್ವಲ್ಪ ಜಾಸ್ತಿ ಬಂತು. ಎರಡೂ ನೇರ ಗೆರೆ ಲೆಕ್ಕ. ರಸ್ತೆ ಲೆಕ್ಕ ಬೇರೆ, ಶಿರಾಡಿ ಮೇಲೆ ಊರಿಂದ ಊರಿಗೆ ಸುಮಾರು 350, ಏರ್‌ಪೋರ್ಟಿಂದ ಏರ್‌ಪೋರ್ಟಿಗೆ ಅಂದ್ರೆ ನೆಲಮಂಗಲದಿಂದ ದೊಡ್ಡಬಳ್ಳಾಪುರ ಕಡೆ ತಿರುಗಿ ಹೋಗೋದೆಲ್ಲ ಸೇರಿ 370ರ ಆಸುಪಾಸು. 23 ನಿಮಿಷ ಎಲ್ಲಿಂದ ಬಂತು ಅಂದ್ರೆ, 306ನ್ನ 800ರಿಂದ ಭಾಗಿಸಿದ್ದಾರೆ, ಅಷ್ಟೇ. ಗಂಟೆಗೆ 800 ಕಿ.ಮೀ. ಅನ್ನೋದು ಜೆಟ್ ವಿಮಾನ 35 ಸಾವಿರ ಅಡಿ ಮೇಲೆ ಹೋಗುವಾಗಿನ ವೇಗ, ನಿಮ್ಮಮ್ಮ ಹೋಗೋ ಫ್ಲೈಟ್ ಅಷ್ಟೆತ್ತರ ಹೋಗೋದೇ ಇಲ್ಲ.

ಹೇಗೆ ಅಂತ ನೋಡಿ. ಇಷ್ಟು ಚಿಕ್ಕ ದಾರಿಗೆ 21ರಿಂದ 25 ಸಾವಿರ ಅಡಿ ಸಾಮಾನ್ಯ. 23 ಸಾವಿರ ಅಂತಿಟ್ಕೊಳ್ಳಿ. ಅಲ್ಲಿಗೆ ಏರೋಷ್ಟರಲ್ಲೇ ನೂರು ನೂರಹತ್ತು ಕಿಲೋಮೀಟರ್ ಮುಗಿದಿರುತ್ತೆ. ಇಳಿಯೋಕೆ ಪೈಲಟ್‌ಗಳು ಇಟ್ಕೊಂಡಿರೋ ಲೆಕ್ಕ ಸಾವಿರ ಅಡಿಗೆ ಮೂರು ನಾಟಿಕಲ್ ಮೈಲಿ, ದೇವನಹಳ್ಳಿ ಸಮುದ್ರಮಟ್ಟದಿಂದ 3 ಸಾವಿರ ಅಡಿ ಮೇಲಿದೆ, ಹಾಗಾಗಿ 20 ಸಾವಿರ ಅಡಿ ಇಳೀಬೇಕು, 60 ನಾಟಿಕಲ್ ಮೈಲಿ, ಅಂದ್ರೆ ಮತ್ತೆ ನೂರಹತ್ತು ಕಿಲೋಮೀಟರ್. ನಡುವೆ ಸಮವಾಗಿ ಹಾರೋಕೆ ಉಳಿಯೋದು ಎಂಬತ್ತು ತೊಂಬತ್ತು ಕಿಲೋಮೀಟರ್. ಅಷ್ಟರೊಳಗೆ ಮುಂದೆ ಕೂತವರು ಇಳಿಯೋ ತಯಾರಿ ಶುರು ಮಾಡಿರ್ತಾರೆ. ಅದ್ರ ಮೇಲೆ 10 ಸಾವಿರ ಅಡಿಗಿಂತ ಕೆಳಗೆ 250 ನಾಟ್, ಹೆಚ್ಚೂಕಡಿಮೆ ಗಂಟೆಗೆ 460 ಕಿ.ಮೀ., ಅದಕ್ಕಿಂತ ಜೋರಾಗಿ ಹೋಗೋ ಹಾಗಿಲ್ಲ ಅನ್ನೋ ಮಿತಿ ಇದೆ. ಬೆಂಗಳೂರಿಂದ ಹೊರಡೋ ಬಸ್ಸು ಟ್ರಾಫಿಕ್ಕಲ್ಲಿ ಗೊರಗುಂಟೆಪಾಳ್ಯ ದಾಟೋವರೆಗೆ ಹೇಗಿರುತ್ತೋ ಇಲ್ಲೂ ಹಾಗೇ, ಓಡೋ ರಸ್ತೆ ಸಿಗೋಷ್ಟರಲ್ಲಿ ಅರ್ಧ ಹೊತ್ತು ಹೋಗಿರುತ್ತೆ. ಅದಕ್ಕೇ ರೆಕ್ಕೆ ಮೇಲೆ ಫ್ಯಾನ್ ತಿರುಗೋ ಎಟಿಆರ್ ವಿಮಾನ ಬಂದ್ರೂ ಬೇಜಾರು ಮಾಡ್ಕೋಬೇಡಿ, ಅದರ ವೇಗ ಗಂಟೆಗೆ 500ರ ಹತ್ತಿರ, ಆದ್ರೂ ಈ ರೂಟಲ್ಲಿ ದೊಡ್ಡ ಜೆಟ್ಟಿಗೂ ಅದಕ್ಕೂ ಬೀಳೋ ವ್ಯತ್ಯಾಸ ಒಂದು ಹತ್ತು ನಿಮಿಷ ಇರಬಹುದು.

ಈಗ ಚಿಕ್ಕಪ್ಪನ ಮಾತಿಗೆ ಬರೋಣ. ಭೂಮಿ ತಿರುಗೋದಕ್ಕೂ ಇದಕ್ಕೂ ಸಂಬಂಧ ಇಲ್ಲ. ಭೂಮಿ ತಿರುಗುವಾಗ ಗಾಳಿನೂ ಜೊತೆಗೇ ತಿರುಗುತ್ತೆ, ವಿಮಾನ ಹಾರೋದು ಆ ಗಾಳಿಯೊಳಗೆ. ಲೆಕ್ಕಕ್ಕೆ ಬರೋದು ನೆಲದ ಮೇಲೆ ಬೀಸೋ ಗಾಳಿ, ಅದೂ ನೇರವಾಗಿ ವೇಗದಿಂದ ಅಲ್ಲ, ಯಾವ ಕಡೆಯಿಂದ ಏರ್ಬೇಕು ಯಾವ ಕಡೆಯಿಂದ ಇಳೀಬೇಕು ಅನ್ನೋದ್ರಿಂದ. ಆದ್ರೆ ಒಂದು ಮಾತು, ಜುಲೈನಲ್ಲಿ ಮಂಗಳೂರಿಂದ ಬೆಂಗಳೂರಿಗೆ ಹೋಗೋಕೆ ಹೆಚ್ಚು ಹೊತ್ತು ಹಿಡಿಯುತ್ತೆ ಅಂತ ಅವರು ಗಮನಿಸಿದ್ರೆ ಅದು ಸುಳ್ಳಲ್ಲ, ಕಾರಣ ಮಾತ್ರ ಬೇರೆ.

ವಿಮಾನ ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಏರುತ್ತೆ, ಗಾಳಿಗೆ ಎದುರಾಗಿ ಇಳಿಯುತ್ತೆ. ಮಳೆಗಾಲದಲ್ಲಿ ನಮ್ಮ ಕಡೆ ಗಾಳಿ ಪಶ್ಚಿಮದಿಂದ, ನೈಋತ್ಯದಿಂದ. ಬಜ್ಪೆ ರನ್‌ವೇ ಈಶಾನ್ಯ-ನೈಋತ್ಯವಾಗಿ ಮಲಗಿದೆ, ಹಾಗಾಗಿ ಬೆಂಗಳೂರಿಗೆ ಹೋಗೋ ವಿಮಾನ ಮೊದ್ಲು ಸಮುದ್ರದ ಕಡೆ ಮುಖ ಮಾಡಿ ಏರಿ, ಆಮೇಲೆ ತಿರುಗಿ ಪೂರ್ವಕ್ಕೆ ಬರ್ಬೇಕು. ದೇವನಹಳ್ಳಿಲಿ ಎರಡು ರನ್‌ವೇ ಇದೆ, ಎರಡೂ ಪೂರ್ವ-ಪಶ್ಚಿಮ. ಅಲ್ಲೂ ಗಾಳಿ ಪಶ್ಚಿಮದಿಂದ ಇರೋದ್ರಿಂದ ಪಶ್ಚಿಮಕ್ಕೆ ಮುಖ ಮಾಡಿ ಇಳೀಬೇಕು, ಆದ್ರೆ ವಿಮಾನ ಬರ್ತಿರೋದೇ ಪಶ್ಚಿಮದಿಂದ! ಅದಕ್ಕೆ ಅದು ಏರ್‌ಪೋರ್ಟನ್ನ ದಾಟಿ ಪೂರ್ವಕ್ಕೆ ಹೋಗಿ, ಅರ್ಧ ಸುತ್ತು ಹಾಕಿ, ಬೇರೆ ಊರುಗಳಿಂದ ಬಂದ ವಿಮಾನಗಳ ಸಾಲಲ್ಲಿ ಸೇರ್ಕೊಂಡು ವಾಪಸ್ ಬರುತ್ತೆ. ಕಿಟಕಿ ಪಕ್ಕ ಕೂತವರಿಗೆ ಕೆಳಗೆ ರನ್‌ವೇ ಕಾಣಿಸಿ, ಬಂದೇ ಬಿಟ್ವಿ ಅಂತ ಬೆಲ್ಟಿಗೆ ಕೈ ಹಾಕಿದ್ಮೇಲೂ ಹತ್ತು ನಿಮಿಷ ಆಗೋದು ಇದಕ್ಕೇ, ಅಮ್ಮಂಗೆ ಮುಂಚೇನೇ ಹೇಳಿಡಿ, ದಾರಿ ತಪ್ಪಿತು ಅಂತ ಹೆದರ್ಕೋಬಾರ್ದು. ಅದೇ ಜುಲೈನಲ್ಲಿ ಬೆಂಗಳೂರಿಂದ ಮಂಗಳೂರಿಗೆ ಬಂದ್ರೆ ಉಲ್ಟಾ, ಪಶ್ಚಿಮಕ್ಕೇ ಏರೋದು, ಬಜ್ಪೆಲಿ ಘಟ್ಟದ ಕಡೆಯಿಂದ ನೇರ ಇಳಿಯೋದು, ಸುತ್ತೇ ಇಲ್ಲ. ಒಂದೇ 306 ಕಿಲೋಮೀಟರ್, ಹೋಗೋಕೊಂದು ಹೊತ್ತು ಬರೋಕೊಂದು ಹೊತ್ತು. ಚಳಿಗಾಲದಲ್ಲಿ ಬೆಂಗಳೂರಲ್ಲಿ ಗಾಳಿ ಪೂರ್ವದಿಂದ ಬೀಸುವಾಗ ಇದು ಅದಲು ಬದಲಾಗುತ್ತೆ.

ಇನ್ನು "ಕಂಪನಿಯವರ ಮೋಸ". ಟಿಕೆಟ್ಟಲ್ಲಿರೋ 1 ಗಂಟೆ 10 ನಿಮಿಷ ಹಾರಾಟದ ಹೊತ್ತಲ್ಲ, ಅದಕ್ಕೆ ನಾವು ಬ್ಲಾಕ್ ಟೈಮ್ ಅಂತೀವಿ. ನಿಂತ ಜಾಗದಿಂದ ವಿಮಾನ ಕದಲಿದಾಗಿನಿಂದ ಆ ಕಡೆ ನಿಂತು ಚಕ್ರಕ್ಕೆ ಅಡ್ಡ ಇಡೋವರೆಗೆ. ಆಕಾಶದಲ್ಲಿ 40 ನಿಮಿಷದ ಆಚೀಚೆ, ಬಜ್ಪೆ ಚಿಕ್ಕದು ಅಲ್ಲಿ ನೆಲದ ಮೇಲೆ ಐದೆಂಟು ನಿಮಿಷ, ದೇವನಹಳ್ಳಿಲಿ ಇಳಿದು ಟರ್ಮಿನಲ್‌ಗೆ ಬರೋಕೆ ಹತ್ತು ನಿಮಿಷ, ಉಳಿದದ್ದು ಕಂಪನಿಯವರು ಕೈಲಿಟ್ಕೊಂಡ ಹೊತ್ತು. ಹೌದು, ಸ್ವಲ್ಪ ಸೇರಿಸ್ತಾರೆ, ವಿಮಾನಯಾನ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಡಿಜಿಸಿಎ ಸಮಯಪಾಲನೆ ಅಳೆಯೋದು ವೇಳಾಪಟ್ಟಿಗಿಂತ 15 ನಿಮಿಷದೊಳಗಾ ಹೊರಗಾ ಅಂತ, ಹಾಗಾಗಿ ಯಾವ ಕಂಪನಿಯೂ ಬಿಗಿಯಾಗಿ ಹಾಕಲ್ಲ. ಆದ್ರೆ ಅದು ಪ್ರಯಾಣಿಕರಿಗೂ ಒಳ್ಳೇದೇ ಅನ್ನೋದು ನನ್ನ ಅಭಿಪ್ರಾಯ, 50 ನಿಮಿಷ ಅಂತ ಬರೆದು ದಿನಾ ತಡ ಮಾಡೋದಕ್ಕಿಂತ 70 ಅಂತ ಬರೆದು ಮುಟ್ಟಿಸೋದು ಮೇಲು. ಇನ್ನೊಂದು ವಿಷ್ಯ ತುಂಬ ಜನಕ್ಕೆ ಗೊತ್ತಿಲ್ಲ, ಈ ಬ್ಲಾಕ್ ಟೈಮ್ ಮೇಲೇ ನಿಮ್ಮ ಪರಿಹಾರವೂ ನಿಂತಿದೆ. ಮುಂಚೆ ತಿಳಿಸದೆ ಫ್ಲೈಟ್ ರದ್ದು ಮಾಡಿದ್ರೆ, ಬ್ಲಾಕ್ ಟೈಮ್ 1 ಗಂಟೆವರೆಗೆ ಇದ್ರೆ 5,000 ರೂಪಾಯಿ, 1ರಿಂದ 2 ಗಂಟೆ ಇದ್ರೆ 7,500, ಅದಕ್ಕಿಂತ ಹೆಚ್ಚಿದ್ರೆ 10,000, ಅಥವಾ ಟಿಕೆಟ್ಟಿನ ಮೂಲ ದರ ಮತ್ತು ಇಂಧನ ಚಾರ್ಜು ಸೇರಿ ಎಷ್ಟಾಗುತ್ತೋ ಅದು, ಎರಡರಲ್ಲಿ ಯಾವುದು ಕಡಿಮೆನೋ ಅದು. ಆದ್ರೆ ಹವಾಮಾನದಿಂದ ರದ್ದಾದ್ರೆ ಈ ಪರಿಹಾರ ಇಲ್ಲ. ಜುಲೈನಲ್ಲಿ ಬಜ್ಪೆಲಿ ರದ್ದಾಗೋದು ಹೆಚ್ಚಾಗಿ ಹವಾಮಾನದಿಂದಲೇ, ಹಾಗಾಗಿ ಆ ದುಡ್ಡಿನ ಮೇಲೆ ಆಸೆ ಇಟ್ಕೋಬೇಡಿ.

ಇಲ್ಲಿಗೆ ಬಂತು ನೋಡಿ ಅಸಲಿ ವಿಚಾರ. ನಿಮ್ಮ ಲೆಕ್ಕ 9.20ಕ್ಕೆ ವಿಮಾನ ಹೊರಡುತ್ತೆ ಅನ್ನೋದ್ರಿಂದ ಶುರುವಾಗುತ್ತೆ. ನಮ್ಮ ಲೆಕ್ಕ ಅದಕ್ಕಿಂತ ಹಿಂದೆ ಶುರುವಾಗುತ್ತೆ: ಆ ವಿಮಾನ ಬಜ್ಪೆಗೆ ಬಂದಿದ್ಯಾ? ರಾತ್ರಿ ಹೋಗೋ ವಿಮಾನ ಅಲ್ಲೇ ನಿಂತಿರೋದಲ್ಲ, ಬೆಂಗಳೂರಿಂದಲೋ ಮುಂಬೈಯಿಂದಲೋ ಜನರನ್ನ ತಂದು ಇಳಿಸಿ ಅರ್ಧ ಗಂಟೆಲಿ ವಾಪಸ್ ಹೋಗೋದು. ಬೆಳಗ್ಗೆಯಿಂದ ಅದೇ ವಿಮಾನ ಐದಾರು ಊರು ಸುತ್ತಿರುತ್ತೆ, ಎಲ್ಲೋ ಇಪ್ಪತ್ತು ನಿಮಿಷ ತಡವಾದದ್ದು ಸಂಜೆಗೆ ಒಂದೂವರೆ ಗಂಟೆ ಆಗಿರುತ್ತೆ. ಅದರ ಮೇಲೆ ಮಳೆ. ಜುಲೈ ಸಂಜೆ ಡೆಸ್ಕಲ್ಲಿ ಕೂತಾಗ ಅರ್ಧ ಗಂಟೆಗೊಂದು ಹವಾಮಾನ ವರದಿ ಬರುತ್ತೆ, ಬಜ್ಪೆಲಿ 4,000 ಮೀಟರ್ ಕಾಣ್ತಿತ್ತು ಅಂತಿದ್ದದ್ದು ಮುಂದಿನ ವರದಿಲಿ 1,200, ಮೋಡ ಗುಡ್ಡದ ತಲೆ ಮೇಲೇ ಕೂತಿದೆ, ಅಷ್ಟೊತ್ತಿಗೆ ವಿಮಾನ ಸಕಲೇಶಪುರದ ಮೇಲೆಲ್ಲೋ ಸುತ್ತು ಹೊಡೀತಿದೆ. ಅದರಲ್ಲಿ ಬಜ್ಪೆಗೆ ಬೇಕಾದಷ್ಟು, ಇಳಿಯೋಕಾಗದಿದ್ರೆ ಬೇರೆ ಏರ್‌ಪೋರ್ಟಿಗೆ ಹೋಗೋವಷ್ಟು, ಅದರ ಮೇಲೆ 30 ನಿಮಿಷ ಹಾರೋವಷ್ಟು ಇಂಧನ ಇರ್ಲೇಬೇಕು, ಹೆಚ್ಚಿಗೆ ಹಾಕಿದ್ದು ಮುಗೀತಾ ಬಂದ್ರೆ ಇನ್ನು ಕಾಯೋ ಹಾಗಿಲ್ಲ, ವಾಪಸ್ ಬೆಂಗಳೂರಿಗೋ ಕಣ್ಣೂರಿಗೋ ಹೋಗಲೇಬೇಕು. ಇತ್ತ ಬಜ್ಪೆ ಟರ್ಮಿನಲ್‌ನಲ್ಲಿ ಬೋರ್ಡಿಂಗ್ ಪಾಸ್ ಹಿಡ್ಕೊಂಡು ಕೂತವರಿಗೆ ಬೋರ್ಡಲ್ಲಿ "ವಿಳಂಬ" ಅಂತಷ್ಟೇ ಕಾಣುತ್ತೆ.

ಇಂಥಾದ್ದು ದಿನಾ ಆಗಲ್ಲ. ಜುಲೈನಲ್ಲೂ ಹೆಚ್ಚಿನ ದಿನ ಎಲ್ಲಾ ಸರಿಯಾಗೇ ನಡೆಯುತ್ತೆ. ಆದ್ರೆ ನಿಮ್ಮದು ಲಾಸ್ಟ್ ಫ್ಲೈಟ್. ರಾತ್ರಿ ಹತ್ತಕ್ಕೆ ಅದು ಕ್ಯಾನ್ಸಲ್ ಅಂತಾದ್ರೆ ಮುಂದೆ ವಿಮಾನ ಇಲ್ಲ, ಕಾರಲ್ಲಿ ಹೊರಟ್ರೂ ಬೆಳಗ್ಗೆ ಆರಕ್ಕೆ ಮುಂಚೆ ತಲುಪಲ್ಲ, ಅಲ್ಲಿ ಫ್ರಾಂಕ್‌ಫರ್ಟ್ ಫ್ಲೈಟಿನ ಕೌಂಟರ್ 2 ಗಂಟೆಗೆ, ಕೆಲವು ಕಂಪನಿಯದ್ದು ಇನ್ನೂ ಕಾಲು ಗಂಟೆ ಮುಂಚೆ ಮುಚ್ಚುತ್ತೆ. ಎರಡು ಟಿಕೆಟ್ ಬೇರೆ ಬೇರೆ ಆದ್ದರಿಂದ ಆ ಕಂಪನಿಯವರ ಲೆಕ್ಕದಲ್ಲಿ ಅಮ್ಮ ಬರಲೇ ಇಲ್ಲ, ಟಿಕೆಟ್ ಹೋಯ್ತು, ವಾಪಸ್ ಬರೋ ಭಾಗವೂ ಅದರ ಜೊತೆಗೆ ಹೋಗಬಹುದು. ಮಂಗಳೂರು ಫ್ಲೈಟಿನವರು ಅವರ ಟಿಕೆಟ್ಟಿನ ದುಡ್ಡು ವಾಪಸ್ ಕೊಟ್ಟು ಕೈ ತೊಳ್ಕೋತಾರೆ, ನಿಯಮದ ಪ್ರಕಾರ ಅವರು ಮಾಡಿದ್ದು ಸರಿಯೇ.

ಹಾಗಾಗಿ ನಾನು ಕೇಳಿದವರಿಗೆಲ್ಲ ಹೇಳೋ ಲೆಕ್ಕ ಒಂದೇ, ಎಷ್ಟು ಗಂಟೆ ಗ್ಯಾಪ್ ಇದೆ ಅಂತ ನೋಡ್ಬೇಡಿ, ಫ್ಲೈಟ್ ಕೈಕೊಟ್ರೆ ಕಾರಲ್ಲಿ ತಲುಪೋಷ್ಟು ಹೊತ್ತು ಉಳಿದಿರುತ್ತಾ ಅಂತ ನೋಡಿ. ನಿಮ್ಮ ವಿಷಯದಲ್ಲಿ ಲೆಕ್ಕ ಹೀಗೆ ಬರುತ್ತೆ. ರಾತ್ರಿ 1.30ಕ್ಕಾದ್ರೂ ಕೌಂಟರ್ ಮುಂದೆ ಇರ್ಬೇಕು. ಬಜ್ಪೆಯಿಂದ ದೇವನಹಳ್ಳಿಗೆ ಒಳ್ಳೇ ದಿನ ಎಂಟು ಗಂಟೆ, ಜುಲೈ ಮಳೆಲಿ ಹತ್ತು ಅಂತ ಇಟ್ಕೊಳ್ಳಿ. ಅಂದ್ರೆ ಮಧ್ಯಾಹ್ನ 3.30ಕ್ಕೆ "ಫ್ಲೈಟ್ ಇಲ್ಲ, ಕಾರು ಹತ್ತೋಣ" ಅಂತ ತೀರ್ಮಾನ ಮಾಡೋ ಹಾಗಿರ್ಬೇಕು. ಹಾಗಾಗಿ 12ರಿಂದ 2 ಗಂಟೆ ಒಳಗೆ ಹೊರಡೋ ಫ್ಲೈಟ್ ತಗೊಳ್ಳಿ. ಅದು ತಪ್ಪಿದ್ರೂ ಸಂಜೆ ಫ್ಲೈಟಿಗೆ ಹಾಕಿಸ್ಕೊಳ್ಳೋ ಅವಕಾಶ ಇರುತ್ತೆ, ಕಾರೂ ಇರುತ್ತೆ. ಅಣ್ಣ ಆವತ್ತು ಗಾಡಿಗೆ ಡೀಸೆಲ್ ಹಾಕಿಸ್ಕೊಂಡು, ಬಜ್ಪೆಲಿ ವಿಮಾನ ಏರೋವರೆಗೆ ಅಲ್ಲೇ ಇದ್ರೆ ಸಾಕು, ನನ್ನ ಪ್ರಕಾರ ಅವರ ಕಾರಿಗೆ ಇದೇ ಸರಿಯಾದ ಕೆಲಸ.

ಪೂರ್ತಿ ಕಾರಲ್ಲೇ ಹೋಗೋದು ತಪ್ಪಲ್ಲ, ಆದ್ರೆ ಮಂಡಿ ನೋವಿರೋ ಅಮ್ಮಂಗೆ ಎಂಟು ಹತ್ತು ಗಂಟೆ ಕಾರು, ಆಮೇಲೆ ಹತ್ತು ಗಂಟೆ ವಿಮಾನ ಅಂದ್ರೆ ಕಾಲು ಊದ್ಕೊಳ್ಳುತ್ತೆ. ಅದಲ್ದೆ ಜುಲೈ ಶಿರಾಡಿ ನಂಬೋ ಹಾಗಿಲ್ಲ, 2024ರ ಜುಲೈನಲ್ಲಿ ಸಕಲೇಶಪುರದ ಹತ್ರ ಗುಡ್ಡ ಕುಸಿದು ರಸ್ತೆ ಮುಚ್ಚಿದ್ದು ನಿಮ್ಗೂ ನೆನಪಿರುತ್ತೆ. ಚಾರ್ಮಾಡಿ ಮೇಲೆ ಹೋಗಬಹುದು, ಮೂಡಬಿದ್ರೆಯಿಂದ ಬೆಳ್ತಂಗಡಿ ಮೇಲೆ ಹೇಗೂ ಅದು ಹತ್ರ, ಆದ್ರೆ ತಿರುವು ಜಾಸ್ತಿ, ರಾತ್ರಿ ಮಂಜಲ್ಲಿ ಆ ದಾರಿ ಬೇಡ. ಕಾರೇ ಅಂತ ಹಠ ಹಿಡಿದ್ರೆ ಹಿಂದಿನ ದಿನ ಬೆಳಗ್ಗೆ ಹೊರಟು ಹಾಸನದಲ್ಲಿ ಊಟ ಮಾಡಿ, ರಾತ್ರಿ ಬೆಂಗಳೂರಲ್ಲಿ ಯಾರಾದ್ರೂ ನೆಂಟರ ಮನೇಲಿ ಮಲಗಲಿ. ನಿಜ ಹೇಳ್ಬೇಕಂದ್ರೆ, ದುಡ್ಡು ಸಮಯ ಎರಡೂ ಇದ್ರೆ ವಿಮಾನದಲ್ಲಾಗಲಿ ಕಾರಲ್ಲಾಗಲಿ ಹಿಂದಿನ ದಿನವೇ ಬಂದುಬಿಡೋದಕ್ಕಿಂತ ಒಳ್ಳೇ ಉಪಾಯ ಇಲ್ಲ.

ರೈಲು? ಸುಬ್ರಹ್ಮಣ್ಯ ರೋಡ್-ಸಕಲೇಶಪುರ ಘಟ್ಟದಲ್ಲಿ 57 ಸುರಂಗ ದಾಟಿ ನಿಧಾನಕ್ಕೆ ಏರುತ್ತೆ, ಮಳೆಗಾಲದಲ್ಲಿ ಅದೂ ನಿಲ್ಲೋದುಂಟು. ಈ ಕೆಲಸಕ್ಕೆ ಬೇಡ.

ಒಂದೇ ಟಿಕೆಟ್ಟಲ್ಲಿ ಮಾಡೋಕಾಗಿದ್ರೆ, ಮಂಗಳೂರಿಂದ ಫ್ರಾಂಕ್‌ಫರ್ಟ್‌ವರೆಗೆ ಒಂದೇ ಪಿಎನ್‌ಆರ್, ಆಗ ಮೊದಲ ಫ್ಲೈಟ್ ತಡವಾದ್ರೆ ಮುಂದಿನದ್ದಕ್ಕೆ ಹಾಕೋ ಜವಾಬ್ದಾರಿ ಅವರದ್ದೇ ಆಗ್ತಿತ್ತು. ನಿಮ್ಮದು ಈಗಾಗ್ಲೇ ಆಗಿದೆ, ಆದ್ರೂ ಆ ಕಂಪನಿಗೆ ಒಂದು ಫೋನ್ ಮಾಡಿ ಮಂಗಳೂರು ಭಾಗ ಸೇರಿಸೋಕಾಗುತ್ತಾ ಕೇಳಿ, ಕೆಲವೊಮ್ಮೆ ಆಗುತ್ತೆ. ಆಗಲ್ಲ ಅಂದ್ರೆ ಲಗೇಜ್ ಕಡೆ ಗಮನ ಕೊಡಿ: ಫ್ರಾಂಕ್‌ಫರ್ಟ್ ಟಿಕೆಟ್ಟಲ್ಲಿ 23 ಕೆಜಿ ಇರಬಹುದು, ಮಂಗಳೂರು-ಬೆಂಗಳೂರು ಫ್ಲೈಟಲ್ಲಿ ಸಾಮಾನ್ಯವಾಗಿ 15 ಕೆಜಿ. ಹಪ್ಪಳ ಉಪ್ಪಿನಕಾಯಿ ತುಂಬಿದ ಸೂಟ್‌ಕೇಸಿಗೆ ಬಜ್ಪೆ ಕೌಂಟರಲ್ಲಿ ಎಂಟು ಕೆಜಿ ದುಡ್ಡು ಕಟ್ಬೇಕಾಗುತ್ತೆ, ಮುಂಚೆಯೇ ಆನ್‌ಲೈನಲ್ಲಿ ಕಟ್ಟಿದ್ರೆ ಅಗ್ಗ. ಬೆಂಗಳೂರಲ್ಲಿ ಆ ಸೂಟ್‌ಕೇಸ್ ತಾವೇ ತಗೊಂಡು ಹೊರಗೆ ಬಂದು ಟರ್ಮಿನಲ್ 2ಕ್ಕೆ ಹೋಗ್ಬೇಕು, ಇಂಟರ್‌ನ್ಯಾಷನಲ್ ಎಲ್ಲಾ 2023ರ ಸೆಪ್ಟೆಂಬರಿಂದ ಅಲ್ಲೇ. ಮಂಗಳೂರು ಫ್ಲೈಟ್ ಟರ್ಮಿನಲ್ 1ರಲ್ಲಿ ಇಳಿದ್ರೆ ನಡುವೆ ಶಟಲ್ ಬಸ್ಸಿದೆ, ಆದ್ರೆ ಮಂಡಿ ನೋವು ಅಂತೀರಿ, ಎರಡೂ ಟಿಕೆಟ್ಟಿಗೆ ವೀಲ್‌ಚೇರ್ ಈಗಲೇ ಬುಕ್ ಮಾಡಿಸಿ. ನಾಚ್ಕೋಬೇಡಿ ಅಂತ ಅಮ್ಮಂಗೆ ಹೇಳಿ, ಇಮಿಗ್ರೇಷನ್ ಕ್ಯೂಲೂ ಅದು ದೊಡ್ಡ ಸಹಾಯ.

ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿದ್ರೆ ಕನೆಕ್ಷನ್ ತಪ್ಪಿದ್ರೆ ಅನ್ನೋ ಷರತ್ತನ್ನ ಓದಿ, ಎರಡು ಫ್ಲೈಟ್ ನಡುವೆ ಕನಿಷ್ಠ ಇಷ್ಟು ಗಂಟೆ ಇರ್ಬೇಕು ಅಂತ ಕೆಲವರದ್ದು ಇರುತ್ತೆ.

ಬಜ್ಪೆ ರನ್‌ವೇ ಭಯ. ಅದು ಸುಮ್ನೆ ಭಯ ಅಂತ ನಾನು ತಳ್ಳಿಹಾಕಲ್ಲ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ತೀರ್ಕೊಂಡ್ರು, 8 ಜನ ಉಳಿದ್ರು, ನಿಮ್ಮೂರ ಸುತ್ತಮುತ್ತ ಅದರ ನೋವು ತಟ್ಟದ ಮನೆ ಕಡಿಮೆ. ಆದ್ರೆ ಗುಡ್ಡದ ಮೇಲಿನ ರನ್‌ವೇ ಅನ್ನೋದೇ ಕಾರಣ ಅಲ್ಲ. ಇಳಿಯೋ ಹಾದಿ ಸರಿಯಾಗಿಲ್ಲದಿದ್ರೂ, ಮೇಲೆ ಹೋಗೋಣ ಅಂತ ಕೋ-ಪೈಲಟ್ ಮತ್ತೆ ಮತ್ತೆ ಹೇಳಿದ್ರೂ, ಕ್ಯಾಪ್ಟನ್ ಇಳಿಸಿದ್ದು ತನಿಖೆಲಿ ಹೊರಬಂತು. 2,450 ಮೀಟರ್ ಉದ್ದದ ಆ ರನ್‌ವೇಲಿ ಸರಿಯಾದ ವೇಗದಲ್ಲಿ ಸರಿಯಾದ ಜಾಗದಲ್ಲಿ ಚಕ್ರ ಊರಿದ್ರೆ ಈ ವಿಮಾನಗಳು ನಿಲ್ಲೋಕೆ ಜಾಗ ಸಾಕು, ಹಾಗೆ ಆಗ್ತಿಲ್ಲ ಅನಿಸಿದ್ರೆ ವಿಮಾನವನ್ನ ಮತ್ತೆ ಮೇಲೆತ್ತಿ ಹತ್ತು ಹದಿನೈದು ನಿಮಿಷ ಸುತ್ತಿ ಬರ್ತಾರೆ. ಇಳಿತಾ ಇದ್ದ ವಿಮಾನ ಒಮ್ಮೆಲೇ ಜೋರು ಶಬ್ದ ಮಾಡಿ ಮೇಲೇರಿದ್ರೆ ಅಪಾಯ ಆಯ್ತು ಅಂತಲ್ಲ, ಪೈಲಟ್ ಅಪಾಯ ತಗೊಳ್ಳಲಿಲ್ಲ ಅಂತ. ಬಜ್ಪೆ ಫ್ಲೈಟ್ ತಡವಾಗೋಕೆ ಇದೂ ಒಂದು ಕಾರಣ, ಈ ತಡಕ್ಕೆ ಯಾರೂ ಬೈಬಾರ್ದು.

ನೀವು ಕೇಳಿಲ್ಲ, ಆದ್ರೂ ವಾಪಸ್ ಬರೋದನ್ನೂ ಹೇಳಿಬಿಡ್ತೀನಿ. ಅಮ್ಮ ಡಿಸೆಂಬರ್ ಜನವರಿಲಿ ಬರೋದಾದ್ರೆ ತೊಂದರೆ ಬಜ್ಪೆದಲ್ಲ, ದೇವನಹಳ್ಳಿದು. ನವೆಂಬರಿಂದ ಫೆಬ್ರವರಿವರೆಗೆ ಅಲ್ಲಿ ಬೆಳಗಿನ ಜಾವ ಮಂಜು. ಮಂಜಲ್ಲೂ ಇಳಿಸೋ ಕ್ಯಾಟ್ 3 ವ್ಯವಸ್ಥೆ ಇದೆ, ಆದ್ರೆ ಅದಕ್ಕೆ ವಿಮಾನಕ್ಕೂ ಪೈಲಟ್‌ಗೂ ಅರ್ಹತೆ ಇರ್ಬೇಕು, ಎಟಿಆರ್‌ಗೆ ಅದಿಲ್ಲ. ಯುರೋಪ್ ಫ್ಲೈಟ್ ರಾತ್ರಿ ಒಂದು ಎರಡಕ್ಕೆ ಇಳಿಯುತ್ತೆ ಅಂತ ಬೆಳಗ್ಗೆ 6ರ ಮಂಗಳೂರು ಫ್ಲೈಟ್ ಮಾಡಿಸ್ತಾರೆ ಎಲ್ರೂ, ನೀವು 10 ಗಂಟೆ ಆದ್ಮೇಲಿನದ್ದು ಮಾಡಿಸಿ. ಕಾಯೋದು ನಾಲ್ಕು ಗಂಟೆ ಹೆಚ್ಚಾಗುತ್ತೆ ನಿಜ, ಟರ್ಮಿನಲ್ ಹತ್ರ ಗಂಟೆ ಲೆಕ್ಕದಲ್ಲಿ ರೂಮ್ ಸಿಗುತ್ತೆ, ತಂಗಿಗೆ ಅಲ್ಲಿಂದಲೇ ಬುಕ್ ಮಾಡೋಕೆ ಹೇಳಿ.